ಸಮುದ್ರವಿಲ್ಲದ ದೇಶಕ್ಕೆ ಸಾಸ್ ಬರುವ ದಾರಿ

ಬೆಳಗ್ಗೆ ಆರು ಗಂಟೆ. ಗೋದಾಮಿನ ಮುಂದೆ ಲಾರಿ ಬಂದು ನಿಂತಿದೆ. ಕಂಟೇನರ್ ಬಾಗಿಲಿನಲ್ಲಿ ಕಬ್ಬಿಣದ ಸೀಲ್ ಕಾಣಿಸುತ್ತಿದೆ ಅಲ್ವಾ? ಕತ್ತರಿಸುವ ಮುಂಚೆ ಅದರ ನಂಬರನ್ನು ಕಾಗದದ ಜೊತೆ ಒಂದೊಂದೇ ಅಂಕಿ ತಾಳೆ ನೋಡುತ್ತೇನೆ. ಬಾಗಿಲು ತೆರೆದ ಕೂಡಲೇ ಮಾಡುವ ಮೊದಲ ಕೆಲಸ ಮೂಸಿ ನೋಡುವುದು. ವಿನೆಗರ್ ಘಾಟು ಬಂದರೆ ಒಳಗೆ ಎಲ್ಲೋ ಬಾಟಲಿ ಒಡೆದಿದೆ ಎಂದರ್ಥ. ಇವತ್ತು ಬರೀ ರಟ್ಟಿನ ವಾಸನೆ. ಸಮಾಧಾನವಾಯಿತು.

ಕೆಚಪ್, ಸೋಯಾ ಸಾಸ್, ವಿನೆಗರ್, ಮೇಯನೇಸ್ ತರಿಸಿ ಅಂಗಡಿಗಳಿಗೆ ಹಾಕುವುದು ನನ್ನ ಕೆಲಸ. ನಾನಿರುವ ದೇಶಕ್ಕೆ ಕರಾವಳಿ ಇಲ್ಲ. ಇಂಥ ಅಭಿವೃದ್ಧಿಶೀಲ ದೇಶಗಳು ವಿಶ್ವಸಂಸ್ಥೆಯ ಪಟ್ಟಿಯಲ್ಲಿ 32 ಇವೆ. ನೇಪಾಳಕ್ಕೆ ಹಡಗಿನಲ್ಲಿ ಬರುವ ಸರಕು ಕೋಲ್ಕತ್ತಾದಲ್ಲೋ ವಿಶಾಖಪಟ್ಟಣದಲ್ಲೋ ಇಳಿಯುತ್ತದೆ. ಉಗಾಂಡಾದ್ದು ಹೆಚ್ಚಾಗಿ ಕೀನ್ಯಾದ ಮೊಂಬಾಸಾದಲ್ಲಿ, ಬೊಲಿವಿಯಾದ ಎಷ್ಟೋ ಸರಕು ಚಿಲಿಯ ಅರಿಕಾದಲ್ಲಿ. ಪಕ್ಕದ ದೇಶದ ಮೂಲಕ ಸಮುದ್ರಕ್ಕೆ ಹೋಗಿಬರುವ ಹಕ್ಕನ್ನು 1982ರ ಸಮುದ್ರ ಕಾನೂನು ಒಪ್ಪಂದದ 125ನೇ ವಿಧಿ ಕೊಟ್ಟಿದೆ. ಸುಮ್ನೆ ಹಾದುಹೋಗುವ ಸರಕಿನ ಮೇಲೆ ಸುಂಕ ಹಾಕುವಂತಿಲ್ಲ ಎನ್ನುತ್ತದೆ 127ನೇ ವಿಧಿ. ಆದರೆ ಷರತ್ತುಗಳನ್ನು ಆಯಾ ದೇಶಗಳೇ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ನಮ್ಮಂಥವರ ಪಾಡೆಲ್ಲ ಆ ಷರತ್ತುಗಳಲ್ಲಿದೆ.

ಈ ಬಾಟಲಿಯನ್ನು ಹತ್ತಿರದಿಂದ ತೋರಿಸುತ್ತೇನೆ. ಇದು ಮೇಯನೇಸ್. ನಾನು ತರಿಸಿದ ಎರಡನೇ ಲೋಡಿನದು. ಮೇಲೆ ಒಂದು ಬೆರಳು ದಪ್ಪ ಹಳದಿ ಎಣ್ಣೆ ನಿಂತಿದೆ. ಕೆಳಗೆ ನೀರುನೀರಾದ ಬಿಳಿ. ಎಣ್ಣೆಯನ್ನೂ ವಿನೆಗರ್ ನೀರನ್ನೂ ಮೊಟ್ಟೆಯ ಹಳದಿ ಹಿಡಿದಿಟ್ಟುಕೊಂಡಿರುತ್ತದೆ. ವಿಪರೀತ ಬಿಸಿಯಾದರೆ ಆ ಹಿಡಿತ ಬಿಟ್ಟುಹೋಗುತ್ತದೆ. ಆ ಸಲ ಕಾಗದದಲ್ಲಿ ಸೀಲ್ ನಂಬರಿನ ಒಂದೇ ಒಂದು ಅಂಕಿ ತಪ್ಪಾಗಿತ್ತು. ಅದನ್ನು ತಿದ್ದಿಸುವುದಕ್ಕೆ 23 ದಿನ ಹಿಡಿಯಿತು. ಅಷ್ಟೂ ದಿನ ಕಂಟೇನರ್ ಬಂದರಿನ ಬಿಸಿಲಲ್ಲಿ ನಿಂತಿತ್ತು. ಬಿಸಿಲಿಗೆ ನಿಂತ ಕಬ್ಬಿಣದ ಪೆಟ್ಟಿಗೆಯೊಳಗೆ ಶಾಖ 50 ಡಿಗ್ರಿ ದಾಟುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೇ ಕಂಟೇನರಿನಲ್ಲಿದ್ದ ಕೆಚಪ್‌ಗೆ, ಸೋಯಾ ಸಾಸ್‌ಗೆ ಏನೂ ಆಗಿರಲಿಲ್ಲ. ಒಂದನ್ನು ಹುಳಿ ಕಾಪಾಡುತ್ತದೆ, ಇನ್ನೊಂದನ್ನು ಉಪ್ಪು. ಈಗ ಮೇಯನೇಸ್ ತರಿಸುವುದು ಚಳಿಗಾಲದಲ್ಲಿ, ಅದೂ ಸ್ವಲ್ಪವೇ.

ಇನ್ನು ದುಡ್ಡಿನ ಲೆಕ್ಕ. ಇದನ್ನು ಹೊಸಬರು ನಿಧಾನವಾಗಿ ಕೇಳಿಸಿಕೊಳ್ಳಿ. ಸುಂಕ ಕಟ್ಟುವಾಗ ಬರೀ ಸರಕಿನ ಬೆಲೆ ನೋಡಬೇಕೋ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಬೇಕೋ ಎಂಬುದನ್ನು ವಿಶ್ವ ವ್ಯಾಪಾರ ಸಂಸ್ಥೆಯ ನಿಯಮ ಆಯಾ ದೇಶಕ್ಕೇ ಬಿಟ್ಟಿದೆ. ಬಹಳಷ್ಟು ದೇಶಗಳು ಸೇರಿಸುತ್ತವೆ. ಸರಕಿನ ಬೆಲೆ 100, ಸಾಗಣೆ 30, ಸುಂಕ ಶೇ 20 ಎಂದಿಟ್ಟುಕೊಳ್ಳಿ. ಕಟ್ಟಬೇಕಾದದ್ದು 20 ಅಲ್ಲ, 26. ದಾರಿ ಉದ್ದವಾದಷ್ಟೂ ಬಾಡಿಗೆಯೂ ಜಾಸ್ತಿ, ಆ ಬಾಡಿಗೆಯ ಮೇಲೆ ಸುಂಕವೂ ಜಾಸ್ತಿ. ಅದಕ್ಕೇ ನಾನು ಗಾಜಿನ ಬಾಟಲಿ ಬಿಟ್ಟೆ. ಗಾಜಿನ ಭಾರಕ್ಕೂ ಲಾರಿ ಬಾಡಿಗೆ ಕೊಟ್ಟು, ಆ ಬಾಡಿಗೆಗೂ ಸುಂಕ ಕಟ್ಟುವುದು ಯಾವ ನ್ಯಾಯ? ಪ್ಲಾಸ್ಟಿಕ್ ಬಾಟಲಿ ಹಗುರ, ಒಡೆಯುವುದಿಲ್ಲ. ಸಣ್ಣ ಸ್ಯಾಶೆಗಳನ್ನೂ ತರಿಸುತ್ತೇನೆ. ದೊಡ್ಡ ಬಾಟಲಿಗೆ ಒಮ್ಮೆಲೇ ದುಡ್ಡು ಹಾಕಲಾಗದವರ ಮನೆಗೂ ರುಚಿ ತಲುಪುವುದು ಅದರಿಂದಲೇ. ಲಾಭ ಕಡಿಮೆ, ಆದರೂ ಬಿಡಲು ಮನಸ್ಸಿಲ್ಲ.

ನನ್ನ ನಿದ್ದೆ ಕೆಡಿಸುವುದು ಮಾತ್ರ ತಾರೀಖು. ಈ ಕೆಚಪ್‌ನ ಆಯಸ್ಸು 12 ತಿಂಗಳು. ಫ್ಯಾಕ್ಟರಿಯ ಗೋದಾಮು, ಹಡಗು, ಬಂದರು, ಗಡಿಯ ಲಾರಿ ಸಾಲು ಎಲ್ಲ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದೆ. ಆರು ತಿಂಗಳಿಗಿಂತ ಕಡಿಮೆ ಉಳಿದ ಮಾಲನ್ನು ನನ್ನ ಅಂಗಡಿಯವರು ಇಳಿಸಿಕೊಳ್ಳುವುದಿಲ್ಲ. ಅಂದರೆ ನನ್ನ ಕೈಯಲ್ಲಿರುವುದು ಎರಡೇ ತಿಂಗಳು. ಹಾಗಾಗಿ ಆರ್ಡರ್ ಕೊಡುವಾಗಲೇ, ತಯಾರಾಗಿ ಒಂದು ತಿಂಗಳು ದಾಟಿದ ಮಾಲು ಬೇಡ ಎಂದು ಬರೆಸುತ್ತೇನೆ. ಬಾಯಿಮಾತು ಸಾಲದು. ಇಲ್ಲಿ ನೋಡಿ, ಪ್ರತಿ ರಟ್ಟಿನ ಡಬ್ಬದ ಮೇಲೆ ಮುಗಿಯುವ ತಿಂಗಳನ್ನು ದಪ್ಪ ಮಾರ್ಕರ್‌ನಲ್ಲಿ ಬರೆಯುತ್ತಿದ್ದೇವೆ. ಬೇಗ ಮುಗಿಯುವುದು ಮುಂದೆ, ಉಳಿದದ್ದು ಹಿಂದೆ. ತಾರೀಖು ಅಳಿಸಿ ಹೊಸದು ಒತ್ತಿ ಮಾರುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ತಿನ್ನುವ ಪದಾರ್ಥ ಅದು. ಮಕ್ಕಳು ತಿನ್ನುತ್ತಾರೆ.

ಮಧ್ಯಾಹ್ನ ಎರಡು ಗಂಟೆ. ಕೊನೆಯ ಡಬ್ಬ ಇಳಿಯಿತು. ಈಗ ನೆಲ ಗುಡಿಸಿ, ಬಾಗಿಲು ಹಾಕಿ, ಖಾಲಿ ಪೆಟ್ಟಿಗೆಯ ನಾಲ್ಕೂ ಬದಿಯ ಫೋಟೋ ತೆಗೆಯುತ್ತಿದ್ದೇನೆ. ಇದು ಹಡಗು ಕಂಪನಿಯ ಸ್ವತ್ತು. ಬಂದ ದಾರಿಯಲ್ಲೇ ಗಡಿ ದಾಟಿ ಮತ್ತೆ ಬಂದರಿಗೆ ವಾಪಸ್ ಹೋಗಬೇಕು. ಕೊಟ್ಟ ದಿನ ಮೀರಿದರೆ ದಿನಕ್ಕಿಷ್ಟು ಎಂದು ದಂಡ, ತಗ್ಗು ಬಿದ್ದಿದ್ದರೆ ನಾನು ಇಟ್ಟ ಡೆಪಾಸಿಟ್‌ನಲ್ಲಿ ಕಡಿತ. ಇನ್ನು ಒಂಬತ್ತು ದಿನ ಉಳಿದಿದೆ. ಡ್ರೈವರ್ ಅಣ್ಣ ಊಟ ಮುಗಿಸಿ ಕೈ ತೊಳೆಯುತ್ತಿದ್ದಾರೆ. ಕತ್ತಲಾಗುವ ಮುಂಚೆ ಗಡಿಯ ಸಾಲು ಸೇರಿಕೊಳ್ಳುತ್ತೇನೆ ಎಂದರು.