ಮಿದುಳಿನ ಹೂಳು

ಕೇಳುಗರೆ, ನಮಸ್ಕಾರ.

ಗಂಗಾವತಿಯ ನಮ್ಮ ದೊಡ್ಡಪ್ಪ ಮನೆಗೆ ಬಂದವರನ್ನು ಉಣಿಸದೆ ಕಳಿಸಿದವರೇ ಅಲ್ಲ. 58ನೇ ವಯಸ್ಸಿನಲ್ಲಿ ಒಂದಿನ, ಬೀಗರ ತಾಟಿಗೆ ಕೈ ಹಾಕಿ ಅವರ ರೊಟ್ಟಿ ಎತ್ತಿಕೊಂಡು ತಿನ್ನತೊಡಗಿದರು. ದೊಡ್ಡಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ಮರೆವೇನೂ ಇರಲಿಲ್ಲ. ಕಾಲುವೆಗೆ ನೀರು ಬಿಟ್ಟ ದಿನ, ಯಾರಿಗೆ ಎಷ್ಟು ಬಾಕಿ, ಎಲ್ಲ ನೆನಪಿತ್ತು. ಹಾಗಾಗಿ ಜನ ಸೊಕ್ಕು ಅಂದರು, ಗಾಳಿ ಸೋಕಿದೆ ಅಂದರು. ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಅಂತ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಮಿದುಳಿನ ಮುಂಭಾಗ, ಪಕ್ಕದ ಭಾಗ ಸವೆಯುವ ಕಾಯಿಲೆ ಇದು. ಜಾಸ್ತಿ 45ರಿಂದ 65ರೊಳಗೆ ಶುರುವಾಗುತ್ತದೆ.

ಒಳಗೆ ಆಗುವುದೇನು? ತುಂಗಭದ್ರಾ ಡ್ಯಾಮ್ ನೆನೆಸಿಕೊಳ್ಳಿ. ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಸುಮಾರು 105. ಮಿಕ್ಕ ಜಾಗದಲ್ಲಿ ಹೂಳು. ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಕೂತದ್ದು. ನರಕೋಶದಲ್ಲೂ ದಿನಾ ಕಸ ಹುಟ್ಟುತ್ತದೆ. ಹಳೆಯ, ಕೆಟ್ಟ ಪ್ರೋಟೀನುಗಳೇ ಆ ಕಸ. ಅದನ್ನು ಕರಗಿಸಲು ಲೈಸೋಸೋಮ್ ಎಂಬ ಪುಟ್ಟ ಚೀಲಗಳಿವೆ. ಬೇರೆ ಜೀವಕೋಶ ಒಡೆದು ಎರಡಾದಾಗ ಕಸವೂ ಹಂಚಿಹೋಗುತ್ತದೆ. ನರಕೋಶ ಹಾಗೆ ಒಡೆಯುವುದಿಲ್ಲ. ಅಲ್ಲಿ ಕಸ ತೆಗೆಯುವ ಕೆಲಸ ನಿಲ್ಲುವಂತಿಲ್ಲ.

ಈ ಚೀಲಗಳು ಸರಿಯಾಗಿ ನಡೆಯಲು ಪ್ರೋಗ್ರಾನ್ಯುಲಿನ್ ಎಂಬ ಪ್ರೋಟೀನ್ ಬೇಕು. ಅದರ ಜೀನ್ ತಂದೆಯಿಂದೊಂದು, ತಾಯಿಯಿಂದೊಂದು ಬರುತ್ತದೆ. ಒಂದು ಕೆಟ್ಟರೆ ಪ್ರೋಟೀನ್ ಅರ್ಧಕ್ಕಿಳಿಯುತ್ತದೆ. ಕೆಲವು ಮನೆತನಗಳಲ್ಲಿ ಈ ಡಿಮೆನ್ಷಿಯಾ ಬರುವುದು ಹೀಗೆ ಅಂತ 2006ರಲ್ಲಿ ಗೊತ್ತಾಯಿತು. ಎರಡೂ ಕೆಟ್ಟರೆ ಹರೆಯದಲ್ಲೇ ಕಣ್ಣು ಕಾಣದಾಗುತ್ತದೆ, ಫಿಟ್ಸ್ ಬರುತ್ತದೆ. ಒಂದೇ ಜೀನು, ಅಳತೆ ಬೇರೆ, ಕಾಯಿಲೆ ಬೇರೆ. ಓದಿದಾಗ ನನಗೆ ನಿದ್ದೆ ಬರಲಿಲ್ಲ.

ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳೂ ಇವೆ. ಕಸ ನುಂಗುತ್ತವೆ, ಸೋಂಕು ಬಂದರೆ ಮೈಮೇಲೆ ಬೀಳುತ್ತವೆ. ಇವನ್ನು ಹಿಡಿತದಲ್ಲಿಡುವುದಕ್ಕೂ ಪ್ರೋಗ್ರಾನ್ಯುಲಿನ್ ಬೇಕು. ಕಡಿಮೆಯಾದರೆ ಇವು ಕೆರಳುತ್ತವೆ. ಕೈಗೆ ಮುಳ್ಳು ಚುಚ್ಚಿ ಬಾತರೆ ನಾಲ್ಕು ದಿನಕ್ಕೆ ಇಳಿಯುತ್ತದೆ ಅಲ್ವಾ? ಈ ಉರಿಯೂತ ಇಳಿಯುವುದಿಲ್ಲ. ಚೆನ್ನಾಗಿರುವ ನರಕೋಶಗಳ ನಡುವಿನ ಕೊಂಡಿಗಳೂ ಹಾಳಾಗುತ್ತವೆ.

ಕಾಯಿಲೆಯನ್ನು ನಿಲ್ಲಿಸುವ ಔಷಧ ಇನ್ನೂ ಬಂದಿಲ್ಲ. ಪ್ರೋಗ್ರಾನ್ಯುಲಿನ್ ಹೆಚ್ಚಿಸುವ ಪ್ರಯೋಗಗಳು ನಡೆದಿವೆ. ದೊಡ್ಡಪ್ಪನಿಗೆ ಜೀನ್ ಪರೀಕ್ಷೆ ಮಾಡಿಸಿಲ್ಲ. ಈ ಕಾಯಿಲೆಗೆ ಬೇರೆ ಕಾರಣಗಳೂ ಇವೆ.

ನಿಮ್ಮ ಮನೆಯಲ್ಲಿ ಯಾರದಾದರೂ ಸ್ವಭಾವವೇ ಬದಲಾಗಿದ್ದರೆ ಡಾಕ್ಟರ ಹತ್ತಿರ ಬರೀ ಮರೆವಿನ ಮಾತಾಡಬೇಡಿ. ನಡತೆ ಯಾವಾಗಿಂದ ಹೀಗಾಯಿತು, ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತಾ, ಅದನ್ನೂ ಹೇಳಿ. ರೊಟ್ಟಿಯ ವಿಷಯವನ್ನು ನಮ್ಮ ದೊಡ್ಡಮ್ಮ ಬಾಯಿಬಿಟ್ಟಿದ್ದು ಮೂರನೇ ಸಲ ಹೋದಾಗ, ಡಾಕ್ಟರೇ ಕೇಳಿದ ಮೇಲೆ.