ಜೆಸಿಬಿ ಬರುವ ಮುಂಚೆ

ಕೇಳುಗರಿಗೆ ನಮಸ್ಕಾರ. ಟ್ರ್ಯಾಕ್ಟರ್ ಮೇಲೆ ಕೂತು ಕೇಳುತ್ತಿರುವವರು ಸ್ವಲ್ಪ ಜಾಸ್ತಿ ಗಮನ ಕೊಡಿ, ಮಾತು ನಿಮಗೇ.

ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಊರಾಚೆ ಹಾಳೂರು ದಿಬ್ಬಗಳು ಇರುತ್ತವೆ ಅಲ್ವಾ? ಬೂದಿ ಬಣ್ಣದ ಮಣ್ಣು, ಕಾಲಿಟ್ಟಲ್ಲೆಲ್ಲ ಒಡೆದ ಮಡಕೆಯ ಬೋಕಿ ಚೂರು. ಗೊಬ್ಬರದಂಥ ಮಣ್ಣು ಅಂತ ಹೊಲಕ್ಕೆ ಹೊಡೆಯುತ್ತೇವೆ. ಈಗ ಕಾಲುವೆ, ರೈಲು ದಾರಿ, ಲೇಔಟ್ ಬೇರೆ. ಬೇಡ ಅನ್ನುತ್ತಿಲ್ಲ. ಭದ್ರಾ ನೀರಿಗೆ ನಾನೂ ಕಾಯುತ್ತಿದ್ದೇನೆ. ಕೇಳುವುದು ಒಂದೇ: ಜೆಸಿಬಿ ಬರುವ ಮುಂಚೆ, ಹಳೇ ಕಾಲದ ಕುರುಹು ಹುಡುಕಿ ಅಗೆಯುವ ನಮ್ಮಂಥವರ ಕರಣೆ ಬರಲಿ.

ಯಾಕೆ ಅಂತೀರಾ? ಮಣ್ಣು ಪದರ ಪದರವಾಗಿ ಕೂತಿರುತ್ತದೆ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಕಲಕಿದಿರೋ, ಮುಗೀತು.

ಒಂದು ಸಲ ಚಳ್ಳಕೆರೆ ಕಡೆ ಅಗೆಯುತ್ತಿದ್ದೆವು. ಮೊಣಕಾಲುದ್ದ ಇಳಿದಾಗ ಕೆಂಪು ಮಣ್ಣಿನಲ್ಲಿ ಒಂದು ಕಪ್ಪು ವೃತ್ತ ಕಾಣಿಸಿತು, ರೊಟ್ಟಿ ಹಂಚಿನಷ್ಟು ಗುಂಡಗೆ. ಮರದ ಬೇರು ಕೊಳೆತಿರಬೇಕು ಅಂದೆ ನಾನು. ಪುಸ್ತಕ ಓದಿದವನು ನೋಡಿ! ಬುಟ್ಟಿ ಹೊರುತ್ತಿದ್ದ ಅಜ್ಜಿಯೊಬ್ಬರು ಬಗ್ಗಿ ನೋಡಿ, "ಬೇರಲ್ಲ ಕಣಪ್ಪಾ, ಹಗೇವಿನ ಬಾಯಿ ಇದು" ಅಂದರು. ಹಗೇವು ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಅವರ ತವರಿನಲ್ಲಿ ಅಂಗಳದಲ್ಲೇ ಒಂದು ಇತ್ತಂತೆ. ಬಾಯಿ ಕಿರಿದು, ಹೊಟ್ಟೆ ಅಗಲ. ತೆರೆದ ಕೂಡಲೇ ಇಳಿಯಬಾರದು, ಒಳಗಿನ ಗಾಳಿ ಕೆಟ್ಟಿರುತ್ತದೆ ಅಂತೆಲ್ಲ ಹೇಳಿದರು. ನಿಧಾನವಾಗಿ ಕೆರೆದೆವು. ಕೆಳಗೆ ಹೋದಂತೆ ಅಗಲವಾಯಿತು! ತಳದ ಮಣ್ಣನ್ನು ಬಕೆಟ್ ನೀರಿಗೆ ಹಾಕಿ ಕಲಕಿದರೆ ಸುಟ್ಟು ಕರಿಕಲಾದ ಕಾಳು ತೇಲಿಬಂತು. ಹುರುಳಿ. ಜೊತೆಗೆ ಸಣ್ಣ ಕಾಳು, ಕೊರಲೆ. ಸುಟ್ಟ ಕಾಳು ಕೊಳೆಯುವುದಿಲ್ಲ. ಲ್ಯಾಬಿಗೆ ಕಳಿಸಿದರೆ ಅದರ ವಯಸ್ಸೂ ಹೇಳಬಹುದು. ಅಜ್ಜಿ ಅಂಗೈಯಲ್ಲಿ ನಾಲ್ಕು ಕಾಳು ಇಟ್ಟುಕೊಂಡು, "ಬಿತ್ತಿದರೆ ಹುಟ್ಟುತ್ತಾ?" ಅಂದರು. ನಗು ಬಂತು, ಆಮೇಲೆ ನಗಲಾಗಲಿಲ್ಲ. ಜೆಸಿಬಿ ಹಲ್ಲಿಗೆ ಆ ವೃತ್ತ ಕಾಣುತ್ತಿತ್ತೇ ಹೇಳಿ.

ಸಂಜೆ ಊರವರು ಬಂದು ಕೇಳಿದ್ದು ಒಂದೇ: ಬಂಗಾರ ಸಿಕ್ತಾ ಸಾರ್? ಇಲ್ಲ ಸ್ವಾಮಿ, ಸಿಗುವುದೂ ಬೇಡ. ನಿಧಿ ಆಸೆಗೆ ರಾತ್ರಿ ಗುಂಡಿ ತೋಡುವವರಿಂದ ಆದ ಹಾನಿಯೇನು ಕಡಿಮೆಯೇ.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಹೊತ್ತಾಯಿತು. ಬೇಗ ಹೇಳುತ್ತೇನೆ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ರೋಮ್ ದೇಶದ ಬೆಳ್ಳಿ ನಾಣ್ಯ ಸಿಕ್ಕಿದೆ. ಅದೇ ನಾಣ್ಯ ಅಕ್ಕಸಾಲಿಗರ ತಕ್ಕಡಿಯಲ್ಲಿದ್ದರೆ ಬರೀ ತೂಕ. ಪದರದಲ್ಲಿದ್ದರೆ ಪಕ್ಕದ ಮಡಕೆಯ ಕಾಲವನ್ನೂ ಹೇಳುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವ ಇಲಾಖೆಯ ವೀಲರ್ ಸಾಹೇಬರು ಅಗೆದಾಗ ಕಲ್ಲುಕೊಡಲಿಯವರು, ಅವರ ಮೇಲೆ ದೊಡ್ಡ ಕಲ್ಲಿನ ಗೋರಿ ಕಟ್ಟಿದವರು, ಅವರ ಮೇಲೆ ಶಾತವಾಹನರ ಕಾಲದವರು, ಹೀಗೆ ಒಂದರ ಮೇಲೊಂದು ಸಿಕ್ಕಿತು. ಅಶೋಕನ ಶಾಸನವೂ ಅಲ್ಲೇ ಇದೆ, ಅದರ ಮಾತು ಇನ್ನೊಮ್ಮೆ. ಆಂಧ್ರದ ಕಡೆ ನಾಗಾರ್ಜುನಸಾಗರ ಅಣೆಕಟ್ಟಿನ ನೀರು ನಿಲ್ಲುವ ಮುಂಚೆ, 1954ರಿಂದ 1960ರವರೆಗೆ, ನಾಗಾರ್ಜುನಕೊಂಡದ ಕಣಿವೆಯನ್ನೇ ಅಗೆದು ನೋಡಿದರು. ಅದರಿಂದ ಅಣೆಕಟ್ಟಿನ ಕೆಲಸ ನಿಂತುಹೋಯಿತೇ? ಇಲ್ಲವಲ್ಲ.

ಪಾಯ ತೋಡುವಾಗ ಮಣ್ಣಿನ ಬಣ್ಣ ಬದಲಾಯಿತೋ, ಬೋಕಿ ಚೂರು ರಾಶಿ ಬಂತೋ, ಗಾಡಿ ನಿಲ್ಲಿಸಿ. ಏನನ್ನೂ ಕೀಳಬೇಡಿ, ತೊಳೆಯಬೇಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ತಹಶೀಲ್ದಾರರಿಗೆ ತಿಳಿಸಿ. ಹಗೇವು ನೋಡಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಒಮ್ಮೆ ಕರೆದು ತೋರಿಸಿ.

ನಮಸ್ಕಾರ.