ಕೆಟ್ಟ ಸುದ್ದಿ ಮೊದಲು ಯಾರಿಗೆ ತಲುಪಬೇಕು?

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹೆಚ್ಚಿನವರು ಐಟಿ ಕಂಪನಿಗಳಲ್ಲಿ ಈಚೆಗಷ್ಟೇ ಟೀಮ್ ಲೀಡ್ ಆದವರು, ಕೆಲವರು ಮ್ಯಾನೇಜರ್ ಹುದ್ದೆಯ ಹೊಸ್ತಿಲಲ್ಲಿರುವವರು ಎಂದು ಸಂಘಟಕರು ಹೇಳಿದರು. ಒಳ್ಳೆಯ ಮ್ಯಾನೇಜರ್‌ನ ಲಕ್ಷಣಗಳ ಪಟ್ಟಿ ಕೊಡಿ ಎಂದೂ ಕೇಳಿದ್ದರು. ಪಟ್ಟಿಗಳಿಗೆ ಬರವಿಲ್ಲ, ಮಾನವ ಸಂಪನ್ಮೂಲ ವಿಭಾಗದವರು ವರ್ಷಕ್ಕೊಂದು ಕೊಡುತ್ತಲೇ ಇರುತ್ತಾರೆ. ನಾನು ಒಂದೇ ಅಳತೆಗೋಲು ಹಿಡಿದು ಮಾತನಾಡುತ್ತೇನೆ. ತಂಡದಲ್ಲಿ ಏನಾದರೂ ಕೆಟ್ಟಾಗ ಆ ಸುದ್ದಿ ಮ್ಯಾನೇಜರ್‌ಗೆ ಎಷ್ಟು ಬೇಗ ಮುಟ್ಟುತ್ತದೆ? ಮುಟ್ಟಿದ ಮೇಲೆ ಅವರು ಏನು ಮಾಡುತ್ತಾರೆ? ಹುಟ್ಟುಹಬ್ಬದ ಕೇಕು, ತಂಡದ ಊಟ, ಬೆನ್ನು ತಟ್ಟುವ ಇಮೇಲ್, ಇವೆಲ್ಲ ಇದ್ದರೆ ಸಂತೋಷ, ಇಲ್ಲದಿದ್ದರೂ ನಡೆಯುತ್ತದೆ.

ಸೋಮವಾರದ ಸ್ಟೇಟಸ್ ಸಭೆಯನ್ನು ನೆನಪಿಸಿಕೊಳ್ಳಿ. ಪೇಮೆಂಟ್ ಮಾಡ್ಯೂಲ್ ಎಲ್ಲಿಗೆ ಬಂತು ಎಂದು ಮ್ಯಾನೇಜರ್ ಕೇಳುತ್ತಾರೆ. 'ಶೇಕಡಾ ತೊಂಬತ್ತು ಮುಗಿದಿದೆ ಸರ್' ಎಂದು ಅದನ್ನು ಬರೆಯುತ್ತಿರುವ ಹುಡುಗಿ ಉತ್ತರಿಸುತ್ತಾಳೆ. ಮುಂದಿನ ಸೋಮವಾರವೂ ತೊಂಬತ್ತೇ. ಬ್ಯಾಂಕಿನ ಕಡೆಯ ಸರ್ವರ್ ನಾಲ್ಕಕ್ಕೊಂದು ಸಲ ಉತ್ತರವನ್ನೇ ಕೊಡುತ್ತಿಲ್ಲ ಎಂಬುದು ಆ ಹುಡುಗಿಗೆ ಚೆನ್ನಾಗಿ ಗೊತ್ತು. ಆದರೂ ಬಾಯಿ ಬಿಡುವುದಿಲ್ಲ. ಹೋದ ತಿಂಗಳು ಪಕ್ಕದ ಕುರ್ಚಿಯವನು ಇಂಥದ್ದೇ ಒಂದನ್ನು ಹೇಳಲು ಹೋಗಿ, 'ನನ್ನ ಹತ್ತಿರ ಸಮಸ್ಯೆ ತರಬೇಡಿ, ಪರಿಹಾರ ತನ್ನಿ' ಎಂದು ಎಲ್ಲರೆದುರು ಅನ್ನಿಸಿಕೊಂಡದ್ದನ್ನು ಅವಳು ನೋಡಿದ್ದಾಳೆ. ಕೇಳಲು ಚೆಂದದ ಮಾತು ಅದು. ಆದರೆ ಪರಿಹಾರ ಗೊತ್ತಿದ್ದವರು ನಿಮ್ಮ ಬಳಿ ಯಾಕಾದರೂ ಬರುತ್ತಾರೆ? ಪರಿಹಾರ ತಿಳಿಯದೆ ಬಂದವರ ಜೊತೆ ಕುಳಿತು ತಲೆ ಕೆಡಿಸಿಕೊಳ್ಳಲೆಂದೇ ಅಲ್ಲವೇ ನಿಮಗೆ ಹೆಚ್ಚಿನ ಸಂಬಳ?

ಸ್ಟೇಟಸ್ ವರದಿಯಲ್ಲಿ ಕೆಂಪು ಎಂದರೆ ಅಪಾಯ, ಹಸಿರು ಎಂದರೆ ಎಲ್ಲ ಸರಿ. ಹೀಗಾಗಿ ಕೆಳಗೆ ಕೆಂಪಾಗಿದ್ದದ್ದು ಲೀಡ್ ಹತ್ತಿರ ಹಳದಿಯಾಗುತ್ತದೆ, ಮ್ಯಾನೇಜರ್‌ನ ಎಕ್ಸೆಲ್ ಹಾಳೆಯಲ್ಲಿ ತಿಳಿಹಸಿರಾಗುತ್ತದೆ, ಡೈರೆಕ್ಟರ್ ನೋಡುವ ಸ್ಲೈಡ್‌ನಲ್ಲಿ ಅಚ್ಚಹಸಿರು. ಹೊರಗೆ ಹಸಿರು, ಒಳಗೆ ಕೆಂಪು, ಹಾಗಾಗಿ ನಮ್ಮ ವೃತ್ತಿಯವರು ಇದನ್ನು ಕಲ್ಲಂಗಡಿ ವರದಿ ಎಂದು ಕರೆಯುವುದುಂಟು. ರಿಲೀಸ್ ದಿನ ಅದನ್ನು ಗ್ರಾಹಕನೇ ಕೊಯ್ದು ನೋಡುತ್ತಾನೆ.

ಮ್ಯಾನೇಜರ್‌ಗಳೇ ಬೇಡ ಎಂಬ ಪ್ರಯೋಗವೂ ನಡೆದಿದೆ. 2002ರಲ್ಲಿ ಗೂಗಲ್ ತನ್ನ ಎಂಜಿನಿಯರಿಂಗ್ ಮ್ಯಾನೇಜರ್ ಹುದ್ದೆಗಳನ್ನು ತೆಗೆದುಹಾಕಿ ನೋಡಿತು. ಕೆಲವೇ ತಿಂಗಳು. ಖರ್ಚಿನ ಬಿಲ್ಲಿನಿಂದ ಹಿಡಿದು ಸಹೋದ್ಯೋಗಿಗಳ ಜಗಳದವರೆಗೆ ಎಲ್ಲವೂ ನೇರವಾಗಿ ಸಂಸ್ಥಾಪಕರಲ್ಲೊಬ್ಬರಾದ ಲ್ಯಾರಿ ಪೇಜ್ ಮೇಜಿಗೆ ಬರತೊಡಗಿದಾಗ ಪ್ರಯೋಗ ನಿಂತಿತು. ಮುಂದೆ ಅದೇ ಕಂಪನಿ 'ಪ್ರಾಜೆಕ್ಟ್ ಆಕ್ಸಿಜನ್' ಎಂಬ ಹೆಸರಿನಲ್ಲಿ ತನ್ನದೇ ಅಂಕಿಅಂಶಗಳನ್ನು ಜಾಲಾಡಿ, ಒಳ್ಳೆಯ ಮ್ಯಾನೇಜರ್‌ಗಳ ಎಂಟು ನಡವಳಿಕೆಗಳನ್ನು ಗುರುತಿಸಿತು. ತಂಡದವರನ್ನು ತಿದ್ದಿ ಬೆಳೆಸುವುದು ಮೊದಲ ಸ್ಥಾನದಲ್ಲಿತ್ತು, ತಾಂತ್ರಿಕ ಜ್ಞಾನ ಎಂಟನೆಯದು. ಇದನ್ನು ಹಿಡಿದುಕೊಂಡು 'ಹಾಗಾದರೆ ಕೋಡ್ ಮರೆತರೂ ಆಯಿತು' ಎಂದು ಹಿಗ್ಗಬೇಡಿ. ಎಂಟನೆಯದಾಗಿಯಾದರೂ ಅದು ಪಟ್ಟಿಯಲ್ಲಿದೆ. ಲಾಗ್, ಅಂದರೆ ವ್ಯವಸ್ಥೆ ತಾನೇ ಬರೆದಿಡುವ ದಾಖಲೆ, ಓದಲು ಬಾರದವರಿಗೆ ಕೆಟ್ಟ ಸುದ್ದಿ ಕಣ್ಣ ಮುಂದಿದ್ದರೂ ಕಾಣುವುದಿಲ್ಲ.

ಅಂಥದೊಂದು ಪ್ರಕರಣವನ್ನು ನೋಡೋಣ. ಅಮೆರಿಕದ ನೈಟ್ ಕ್ಯಾಪಿಟಲ್ ಷೇರು ವಹಿವಾಟಿನ ದೊಡ್ಡ ಸಂಸ್ಥೆಯಾಗಿತ್ತು. 2012ರ ಆಗಸ್ಟ್ 1ರಂದು ಹೊಸ ತಂತ್ರಾಂಶ ಚಾಲನೆಗೆ ಬರಬೇಕಿತ್ತು. ಅದನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿದ್ದ ತಂತ್ರಜ್ಞ ಒಂದನ್ನು ಬಿಟ್ಟಿದ್ದ. ಇನ್ನೊಬ್ಬರು ಸರಿನೋಡಬೇಕೆಂಬ ನಿಯಮವೇ ಅಲ್ಲಿರಲಿಲ್ಲ. ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಮೊದಲೇ ಆ ವ್ಯವಸ್ಥೆ ತಪ್ಪನ್ನು ಸೂಚಿಸುವ 97 ಇಮೇಲ್‌ಗಳನ್ನು ಸಿಬ್ಬಂದಿಗೆ ಕಳಿಸಿತ್ತು. ಯಾರೂ ಗಮನ ಕೊಡಲಿಲ್ಲ. ಅವು ಎಚ್ಚರಿಕೆಯ ಸಂದೇಶಗಳೆಂದು ಅಲ್ಲಿ ಲೆಕ್ಕಕ್ಕೇ ಇರಲಿಲ್ಲ. ಒಂಬತ್ತೂವರೆಗೆ ವಹಿವಾಟು ಶುರುವಾಯಿತು. ಬಿಟ್ಟುಹೋದ ಸರ್ವರ್‌ನಲ್ಲಿ ಬಳಕೆ ನಿಂತು ವರ್ಷಗಳಾಗಿದ್ದ ಹಳೆಯ ಕೋಡ್ ಎದ್ದು ಕುಳಿತು, ತಾನೇ ತಾನಾಗಿ ಷೇರು ಕೊಳ್ಳತೊಡಗಿತು, ಮಾರತೊಡಗಿತು. ಗಾಬರಿಯಲ್ಲಿ ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡನ್ನೇ ತೆಗೆದರು, ಅನಾಹುತ ಇಮ್ಮಡಿಸಿತು. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ. ಮುಂದಿನ ವರ್ಷ ಸಂಸ್ಥೆ ಬೇರೊಂದರಲ್ಲಿ ವಿಲೀನವಾಯಿತು. ತಂತ್ರಜ್ಞನ ಕೈತಪ್ಪು ನಿಜ. ಆದರೆ ಎರಡನೆಯ ಜೊತೆ ಕಣ್ಣುಗಳನ್ನು ಇಡದಿದ್ದವರು ಯಾರು? 97 ಇಮೇಲ್ ಯಾರ ಮೇಜಿಗೂ ಸೇರದಂತೆ ವ್ಯವಸ್ಥೆ ಮಾಡಿದ್ದವರು ಯಾರು?

ಇದರ ಎದುರಿಗೆ 2017ರ ಜನವರಿ 31ರ ರಾತ್ರಿಯನ್ನು ಇಡುತ್ತೇನೆ. ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ದಣಿದ ಹೊತ್ತಿನಲ್ಲಿ, ಪ್ರತಿ ಇಡುವ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾಬೇಸನ್ನೇ ಅಳಿಸಿದರು. ತಕ್ಷಣ ತಡೆದರು, ಆದರೆ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ನಾಲ್ಕೂವರೆ. ಬ್ಯಾಕಪ್ ನೋಡಲು ಹೋದರೆ ಅದು ಬಹಳ ದಿನಗಳಿಂದ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಅದೃಷ್ಟಕ್ಕೆ ಆರು ಗಂಟೆ ಹಿಂದೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟ ಒಂದು ಪ್ರತಿ ಸಿಕ್ಕಿತು.

ಆಮೇಲೆ ಕಂಪನಿ ನಡೆದುಕೊಂಡ ರೀತಿಯನ್ನು ಗಮನಿಸಿ. ದುರಸ್ತಿಯ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು. ನಡೆದದ್ದನ್ನೆಲ್ಲ ಸಾರ್ವಜನಿಕವಾಗಿ ಬರೆದಿಟ್ಟಿತು. ಆ ವರದಿಯಲ್ಲಿ ಅಳಿಸಿದವರ ಹೆಸರಿಲ್ಲ, 'ತಂಡದ ಸದಸ್ಯ-1' ಎಂದಷ್ಟೇ ಇದೆ. ಬ್ಯಾಕಪ್ ಪರೀಕ್ಷಿಸುವ ಹೊಣೆ ಯಾರ ಮೇಲೂ ಇರಲಿಲ್ಲ ಎಂಬ ತನ್ನ ಲೋಪವನ್ನೂ ಕಂಪನಿ ಅದರಲ್ಲೇ ಒಪ್ಪಿಕೊಂಡಿತು. ಇದು ಉದಾರತೆಯ ಪ್ರಶ್ನೆಯೇ ಅಲ್ಲ. ಅಳಿಸಿದವರನ್ನು ಅಂದೇ ಮನೆಗೆ ಕಳಿಸಿದ್ದರೆ, ಮುಂದಿನ ಸಲ ತಪ್ಪು ಮಾಡಿದವರು ಮೊದಲ ಅರ್ಧ ಗಂಟೆಯನ್ನು ಅದನ್ನು ಮುಚ್ಚಿಡುವುದರಲ್ಲಿ ಕಳೆಯುತ್ತಿದ್ದರು. ಆ ಅರ್ಧ ಗಂಟೆಯ ಬೆಲೆ ಎಷ್ಟೆಂದು ನೈಟ್ ಕ್ಯಾಪಿಟಲ್ ಪ್ರಕರಣದಲ್ಲಿ ನೋಡಿದೆವು.

ಇನ್ನು ಬೆಂಗಳೂರಿಗೆ ಬರೋಣ. ನ್ಯೂಯಾರ್ಕ್ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಹಾಗಾಗಿ ನಮ್ಮ ಮ್ಯಾನೇಜರ್‌ಗಳ ದೊಡ್ಡ ನಿರ್ಧಾರಗಳೆಲ್ಲ ರಾತ್ರಿ ಊಟದ ಹೊತ್ತಿಗೆ ಫೋನಿನಲ್ಲಿ ಆಗುತ್ತವೆ. ಕ್ಲೈಂಟ್ ಒಂದು ತಾರೀಖು ಹೇಳುತ್ತಾರೆ, ಇವರು 'ಖಂಡಿತ' ಎನ್ನುತ್ತಾರೆ. ಬೆಳಿಗ್ಗೆ ತಂಡಕ್ಕೆ ಗೊತ್ತಾಗುವುದು ತಾರೀಖು ಮಾತ್ರ. 'ತಂಡವನ್ನು ಕೇಳಿ ನಾಳೆ ಹೇಳುತ್ತೇನೆ' ಎಂಬ ಒಂದು ವಾಕ್ಯವನ್ನು ಕ್ಲೈಂಟ್ ಮುಂದೆ ಹೇಳಲಾರದ ಮ್ಯಾನೇಜರ್‌ಗಳನ್ನು ನಾನು ಧಾರಾಳವಾಗಿ ಕಂಡಿದ್ದೇನೆ. ತಾರೀಖು ಜಾರತೊಡಗಿದಾಗ ಬೆಂಚ್‌ನಲ್ಲಿ, ಅಂದರೆ ಯಾವ ಯೋಜನೆಯೂ ಇಲ್ಲದೆ ಕಾಯುತ್ತಿರುವ ಐವರನ್ನು ತಂದು ಸೇರಿಸುತ್ತಾರೆ. ತಡವಾದ ತಂತ್ರಾಂಶ ಯೋಜನೆಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂನಲ್ಲಿ ದೊಡ್ಡ ತಂತ್ರಾಂಶ ಯೋಜನೆ ನಡೆಸಿ ಕೈ ಸುಟ್ಟುಕೊಂಡ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಐದು ಜನರಿದ್ದರೆ ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳು 10. ಹತ್ತು ಜನರಾದರೆ 45. ಹೊಸಬರಿಗೆ ಕಲಿಸಬೇಕಾದವರು ಆಗಲೇ ನಿದ್ದೆಗೆಟ್ಟಿರುವ ಹಳಬರು.

ಕೆಟ್ಟ ಸುದ್ದಿಯನ್ನು ಮ್ಯಾನೇಜರೇ ಹೇಳಬೇಕಾದ ಸಂದರ್ಭವೂ ಇದೆ: ಅಪ್ರೈಸಲ್, ಅಂದರೆ ವರ್ಷದ ಕೆಲಸದ ಮೌಲ್ಯಮಾಪನ. ರೇಟಿಂಗ್‌ನಲ್ಲಿ ಇಷ್ಟು ಜನ ಮೇಲೆ, ಇಷ್ಟು ಜನ ಕೆಳಗೆ ಇರಲೇಬೇಕು ಎಂಬ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಹಲವು ಕಡೆ ಹೋಗಿದೆ, ಹೆಸರು ಬದಲಿಸಿಕೊಂಡು ಉಳಿದದ್ದೂ ಇದೆ. 'ನಾನು ನಿಮಗೆ ಒಳ್ಳೆಯ ರೇಟಿಂಗೇ ಕೊಟ್ಟಿದ್ದೆ, ಮೇಲಿನವರು ಕಡಿಮೆ ಮಾಡಿದರು.' ಈ ಮಾತನ್ನು ಕೇಳದವರು ಈ ಸಭಾಂಗಣದಲ್ಲಿದ್ದರೆ ಕೈ ಎತ್ತಿ. ಕೆಟ್ಟ ಮ್ಯಾನೇಜರ್ ಎಂದು ನಾನು ಕರೆಯುವುದು ಬೈಯುವವರಿಗಿಂತ ಹೆಚ್ಚಾಗಿ ಹೀಗೆ ಹೇಳುವವರನ್ನು. ಬೈದವರ ಮನಸ್ಸಿನಲ್ಲಿ ಏನಿದೆ ಎಂದಾದರೂ ತಿಳಿಯುತ್ತದೆ. ಇವರು ವರ್ಷವಿಡೀ 'ಚೆನ್ನಾಗಿ ನಡೆಯುತ್ತಿದೆ' ಎನ್ನುತ್ತಾರೆ, ಏಪ್ರಿಲ್‌ನಲ್ಲಿ ಬೇರೆಯವರ ಹೆಸರು ಹೇಳುತ್ತಾರೆ. ಜೂನ್‌ನಲ್ಲಿ ಹೇಳಿದ್ದರೆ ತಿದ್ದಿಕೊಳ್ಳಲು ಹತ್ತು ತಿಂಗಳಿತ್ತು.

ಇದು ನಮ್ಮ ರಾಜ್ಯದಲ್ಲಿ ಸಣ್ಣ ಮಾತಲ್ಲ. ಕೆಲಸದ ಷರತ್ತುಗಳನ್ನು 2025ರವರೆಗೆ ನಿಗದಿಪಡಿಸುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ 2014ರಲ್ಲಿ ವಿನಾಯಿತಿ ಕೊಟ್ಟು, 2019ರಲ್ಲೂ 2024ರಲ್ಲೂ ಅದನ್ನು ವಿಸ್ತರಿಸಿತು. ಕುಂದುಕೊರತೆ ಸಮಿತಿ ಇರಬೇಕು ಎಂಬುದು ಆ ವಿನಾಯಿತಿಯ ಷರತ್ತುಗಳಲ್ಲೊಂದಾಗಿತ್ತು. ನಿಮ್ಮ ಕಂಪನಿಯ ಸಮಿತಿಯಲ್ಲಿ ಯಾರಿದ್ದಾರೆ ಎಂದು ನಿಮಗೆ ಗೊತ್ತೇ? ಹೆಚ್ಚಿನ ಉದ್ಯೋಗಿಗಳಿಗೆ ರಜೆ, ಪಾಳಿ, ಬಡ್ತಿ ಎಲ್ಲದಕ್ಕೂ ಮ್ಯಾನೇಜರೇ ಕಾಯ್ದೆ, ಮ್ಯಾನೇಜರೇ ನ್ಯಾಯಾಲಯ.

'ಕೆಟ್ಟ ಮ್ಯಾನೇಜರ್ ಸಿಕ್ಕರೆ ಕೆಲಸ ಬಿಡಬೇಕೆ?' ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಕೂಡಲೇ ಬೇಡ. ಮೊದಲು ಬಾಯಿಮಾತನ್ನು ಬರಹಕ್ಕೆ ಇಳಿಸಿ: 'ಇಂದು ಮಾತನಾಡಿದಂತೆ, ಈ ತಾರೀಖಿಗೆ ಈ ಎರಡು ಅಂಶ ಮುಗಿಯುವುದಿಲ್ಲ' ಎಂದು ಎರಡು ಸಾಲಿನ ಇಮೇಲ್ ಸಾಕು. ಕೆಟ್ಟವರಲ್ಲಿ ಕೆಲವರು ಅಷ್ಟಕ್ಕೇ ಸರಿಹೋಗುತ್ತಾರೆ, ಅವರಿಗೂ ಮೇಲಿನವರಿಗೆ ತೋರಿಸಲು ಒಂದು ಕಾಗದ ಬೇಕಿರುತ್ತದೆ. ಬಗ್ಗದಿದ್ದರೆ ಒಳಗೇ ಬೇರೆ ತಂಡ ಕೇಳಿ. ಅದೂ ಆಗದಿದ್ದರೆ ನೋಟಿಸ್ ಪೀರಿಯಡ್ ಎಷ್ಟು ತಿಂಗಳೆಂದು ನೋಡಿಕೊಂಡು, ಕೈಯಲ್ಲಿ ಇನ್ನೊಂದು ಆಫರ್ ಇಟ್ಟುಕೊಂಡು ಹೊರಡಿ. ಹೊರಡುವಾಗಿನ ಸಂದರ್ಶನದಲ್ಲಿ ಕಾರಣವನ್ನು 'ವೈಯಕ್ತಿಕ' ಎಂದು ಮಾತ್ರ ಬರೆಯಬೇಡಿ. ಮುಂದಿನ ಚೀಟಿ ಕೊಡಿ.